ವಿಚ್ಛೇದನದ ಡಿಕ್ರಿ ಬಿಡಿಸುವುದೇನು, ಬಿಡಿಸದೆ ಉಳಿಸುವುದೇನು

ಬೆಂಗಳೂರಿನ ಹೊರವಲಯದ ಮೂರು ದೊಡ್ಡ ದುಡಿಮೆಯ ನೆಲೆಗಳಾದ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಗಳಿಂದ ಬೆಳೆದವು. ಪೀಣ್ಯ 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾಗಿ ರೂಪುಗೊಂಡು ಲೇತ್, ಎರಕ ಮತ್ತು ಗಾರ್ಮೆಂಟ್ ಘಟಕಗಳಿಗೆ ದೂರದ ಜಿಲ್ಲೆಗಳಿಂದಲೂ ಕಾರ್ಮಿಕರನ್ನು ಸೆಳೆಯಿತು; 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿತು. 1882ರಲ್ಲಿ ಆಂಗ್ಲೋ-ಇಂಡಿಯನ್ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡ್ 1990ರ ದಶಕದ ಐಟಿ ಪಾರ್ಕಿನೊಂದಿಗೆ ಸಾಫ್ಟ್‌ವೇರ್ ಊರಾಯಿತು. ಈ ಮೂರೂ ಕಡೆಯ ಸಂಸಾರಗಳಲ್ಲಿ ಬಹಳಷ್ಟು ಹುಟ್ಟೂರಿನಿಂದ ದೂರದಲ್ಲಿ, ತಿಂಗಳ ಸಂಬಳ ಮತ್ತು ತಿಂಗಳ ಕಂತುಗಳ ನಡುವೆ ನಡೆಯುವಂಥವು, ಮತ್ತು ಅವು ಮುರಿದು ಬೀಳುವ ಹೊತ್ತಿಗೆ ಮನೆಯ ಹಿರಿಯರು ಹತ್ತಿರವಿರುವುದಿಲ್ಲ. ಸಲಹೆ ಬರುವುದು ಸಹೋದ್ಯೋಗಿಗಳಿಂದ, ಮೊಬೈಲಿಗೆ ಬಂದು ಬೀಳುವ ವಿಡಿಯೊಗಳಿಂದ, ಇಲ್ಲವೇ ನೋಟರಿಯ ಮೇಜಿನ ಬಳಿ ಸಿಕ್ಕವರಿಂದ. ಹಾಗೆ ಬಂದ ಸಲಹೆಯಲ್ಲಿ ಗಣನೀಯ ಭಾಗ ತಪ್ಪಾಗಿರುತ್ತದೆ.

ಈ ತಪ್ಪುಗಳ ಬೇರು ಬಹುಮಟ್ಟಿಗೆ ಒಂದೇ. ವಿಚ್ಛೇದನ ಎಂದರೆ ಹಣ, ಮನೆ, ಸಾಲ, ಮಕ್ಕಳು ಎಲ್ಲವೂ ಒಂದೇ ದಿನ ಒಂದೇ ಆದೇಶದಲ್ಲಿ ಇತ್ಯರ್ಥವಾಗುವ ಸಂಗತಿ ಎಂದು ಜನ ಭಾವಿಸುತ್ತಾರೆ. ವಾಸ್ತವದಲ್ಲಿ ವಿಚ್ಛೇದನದ ಡಿಕ್ರಿ, ಅಂದರೆ ನ್ಯಾಯಾಲಯವು ವಿಧ್ಯುಕ್ತವಾಗಿ ಹೊರಡಿಸುವ ನಿರ್ಣಯ, ತಾನಾಗಿಯೇ ಮಾಡುವ ಕೆಲಸ ಇಬ್ಬರು ಇನ್ನು ಮುಂದೆ ದಂಪತಿಗಳಲ್ಲ ಎಂದು ಘೋಷಿಸುವುದಷ್ಟೇ. ಜೀವನಾಂಶಕ್ಕೆ ಬೇರೆ ಅರ್ಜಿ, ಆಸ್ತಿಗೆ ಬೇರೆ ಹಕ್ಕುಪತ್ರ, ಸಾಲಕ್ಕೆ ಬ್ಯಾಂಕಿನ ಬೇರೆ ಕರಾರು, ಭವಿಷ್ಯನಿಧಿಗೆ ಬೇರೆ ನಾಮನಿರ್ದೇಶನ ಇರುತ್ತವೆ, ಮತ್ತು ಪ್ರತಿಯೊಂದನ್ನೂ ಅದರದರ ಕಚೇರಿಯಲ್ಲಿ ಸರಿಪಡಿಸದ ಹೊರತು ಅವು ಇದ್ದಂತೆಯೇ ಉಳಿಯುತ್ತವೆ.

ಮೊದಲಿಗೆ, ವಿಚ್ಛೇದನ ಆಗಿದೆ ಎಂದು ಯಾವಾಗ ಹೇಳಬಹುದು ಎಂಬುದರಲ್ಲೇ ಗೊಂದಲವಿದೆ. ಕಾರ್ಖಾನೆ ಪ್ರದೇಶಗಳ ಬಡ ಸಂಸಾರಗಳಲ್ಲಿ ಅತಿ ಹೆಚ್ಚು ಹಾನಿ ಮಾಡಿರುವ ನಂಬಿಕೆ ಎಂದರೆ ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟರೆ ಮದುವೆ ಮುರಿಯುತ್ತದೆ ಎಂಬುದು. ಉತ್ತರ ಕರ್ನಾಟಕದ ಕಡೆ ಸೋಡಚೀಟಿ ಎಂದೂ ಹಳೆಯ ಮೈಸೂರಿನ ಕಡೆ ಬಿಡುಗಡೆ ಪತ್ರ ಎಂದೂ ಕರೆಯಲಾಗುವ ಈ ಕಾಗದ ಸಾಮಾನ್ಯವಾಗಿ ನೂರು ಅಥವಾ ಇನ್ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಸಿದ್ಧವಾಗುತ್ತದೆ. ಇಬ್ಬರೂ ಸ್ವ-ಇಚ್ಛೆಯಿಂದ ಬೇರೆಯಾಗಿದ್ದೇವೆ, ಇಷ್ಟು ಹಣ ಕೊಟ್ಟು ತೆಗೆದುಕೊಂಡಿದ್ದೇವೆ, ಮುಂದೆ ಒಬ್ಬರ ಮೇಲೊಬ್ಬರು ಯಾವ ಕೇಸೂ ಹಾಕುವುದಿಲ್ಲ, ಇಬ್ಬರೂ ಬೇರೆ ಮದುವೆಯಾಗಲು ಸ್ವತಂತ್ರರು ಎಂಬ ನಾಲ್ಕು ಮಾತು, ಕೆಳಗೆ ಇಬ್ಬರ ಸಹಿ ಅಥವಾ ಹೆಬ್ಬೆಟ್ಟು, ಪಂಚಾಯಿತಿ ನಡೆಸಿದ ಹಿರಿಯರ ಸಾಕ್ಷಿ ಸಹಿ, ಅದರ ಮೇಲೆ ನೋಟರಿಯ ಕೆಂಪು ಮುದ್ರೆ. ನೋಡಲು ಸರ್ಕಾರಿ ಕಾಗದದಂತೆಯೇ ಕಾಣುವ ಈ ಪತ್ರಕ್ಕೆ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯನ್ನು ಮುರಿಯುವ ಶಕ್ತಿಯಿಲ್ಲ. 1955ರ ಆ ಕಾಯ್ದೆಯ 29ನೇ ಕಲಮು ಸಮುದಾಯದ ರೂಢಿಯ ಪ್ರಕಾರ ನಡೆಯುವ ವಿಚ್ಛೇದನವನ್ನು ಉಳಿಸಿದೆಯಾದರೂ, ಅಂಥ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ಎಡೆಬಿಡದೆ ನಡೆದುಬಂದಿದೆ ಎಂಬುದನ್ನು ಅದನ್ನು ನೆಚ್ಚಿಕೊಂಡವರೇ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಸ್ಪಷ್ಟವಾಗಿ ಹೇಳಿದೆ, ಮತ್ತು ಆ ಸಾಬೀತು ಸುಲಭದ್ದಲ್ಲ. ನೋಟರಿಗಳು ಮದುವೆಯ ಅಥವಾ ವಿಚ್ಛೇದನದ ಪತ್ರಗಳನ್ನು ಮಾಡಿಕೊಡುವ ಅಧಿಕಾರ ಹೊಂದಿಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯವೂ 2024ರ ಅಕ್ಟೋಬರ್‌ನಲ್ಲಿ ನೆನಪಿಸಿದೆ.

ಇದರ ಪರಿಣಾಮ ಗೊತ್ತಾಗುವುದು ವರ್ಷಗಳ ನಂತರ. ಬಾಂಡ್ ಪೇಪರನ್ನು ನಂಬಿ ಗಂಡು ಇನ್ನೊಂದು ಮದುವೆಯಾದರೆ ಕಾನೂನಿನ ಕಣ್ಣಿನಲ್ಲಿ ಮೊದಲ ಮದುವೆ ಜೀವಂತವಾಗಿರುವುದರಿಂದ ಎರಡನೆಯದು ಆರಂಭದಿಂದಲೇ ಅಸಿಂಧುವಾಗುತ್ತದೆ, ಅವನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ದ್ವಿಪತ್ನಿತ್ವದ ಮೊಕದ್ದಮೆ ಹೂಡಲು ಅವಕಾಶವಿರುತ್ತದೆ, ಮತ್ತು ಏನೂ ಅರಿಯದೆ ಅವನನ್ನು ಕಟ್ಟಿಕೊಂಡ ಎರಡನೆಯ ಹೆಣ್ಣು ಅವನು ತೀರಿಕೊಂಡ ದಿನ ಪಿಂಚಣಿ, ಪಿ.ಎಫ್. ಕುಟುಂಬ ವೇತನಗಳ ಕೌಂಟರಿನಲ್ಲಿ ಹೆಂಡತಿ ಎಂದು ಹೇಳಿಕೊಳ್ಳಲು ಆಧಾರವಿಲ್ಲದೆ ನಿಲ್ಲುತ್ತಾಳೆ. ಅವಳ ಮಕ್ಕಳ ಮಟ್ಟಿಗೆ ಕಾನೂನು ಕರುಣೆ ತೋರಿಸಿದೆ. ಅಸಿಂಧು ಮದುವೆಯ ಮಕ್ಕಳನ್ನು ಹಿಂದೂ ವಿವಾಹ ಕಾಯ್ದೆಯ 16ನೇ ಕಲಮು ನ್ಯಾಯಸಮ್ಮತರೆಂದೇ ಎಣಿಸುತ್ತದೆ, ಮತ್ತು ಕರ್ನಾಟಕದಿಂದಲೇ ಹೋಗಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬೇಕಾದ ಪಾಲಿನಲ್ಲಿ ಅಂಥ ಮಕ್ಕಳಿಗೂ ಹಕ್ಕಿದೆ ಎಂದು ತೀರ್ಪು ನೀಡಿತು. ಆದರೆ ತಾಯಿಗೆ ಆ ಆಸರೆ ಇಲ್ಲ. ಇನ್ನೂರು ರೂಪಾಯಿಯ ಕಾಗದ ಒಂದು ಜೀವನವನ್ನು ಇಷ್ಟು ಅನಾಥವಾಗಿಸಬಲ್ಲದು ಎಂಬುದನ್ನು ಕಾರ್ಮಿಕ ಸಂಘಗಳು ಮತ್ತು ಊರ ಹಿರಿಯರು ಗಟ್ಟಿಯಾಗಿ ಹೇಳಬೇಕಾದ ಅಗತ್ಯವಿದೆ.

ಏಳು ವರ್ಷ ಬೇರೆ ಇದ್ದರೆ ವಿಚ್ಛೇದನ ತಾನಾಗಿಯೇ ಆಗಿಹೋಗುತ್ತದೆ ಎಂಬುದು ಇದರ ಜೊತೆಯಲ್ಲೇ ಕೇಳಿಬರುವ ಮಾತು. ಏಳು ವರ್ಷ ಜೀವಂತವಿರುವ ಸುದ್ದಿಯೇ ಇಲ್ಲದ ವ್ಯಕ್ತಿಯನ್ನು ಮೃತನೆಂದು ಊಹಿಸುವ ಸಾಕ್ಷ್ಯ ಕಾನೂನಿನ ನಿಯಮವೊಂದು ಬಾಯಿಂದ ಬಾಯಿಗೆ ಹೋಗುತ್ತ ಹೀಗೆ ತಿರುಚಿಕೊಂಡಿದೆ. ಎರಡು ವರ್ಷ ಕಾರಣವಿಲ್ಲದೆ ತೊರೆದು ಹೋಗಿರುವುದು ವಿಚ್ಛೇದನ ಕೇಳಲು ಒಂದು ಆಧಾರವೇ ಹೊರತು ವಿಚ್ಛೇದನವಲ್ಲ. ಎರಡಲ್ಲ, ಇಪ್ಪತ್ತು ವರ್ಷ ಬೇರೆ ಇದ್ದರೂ ಡಿಕ್ರಿಯಿಲ್ಲದೆ ಮದುವೆ ಮುಗಿಯದು.

ಸಾಫ್ಟ್‌ವೇರ್ ವಲಯದಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಆನ್‌ಸೈಟ್ ಕೆಲಸಕ್ಕೆಂದು ಅಮೆರಿಕಕ್ಕೆ ಹೋದ ಗಂಡ ಅಥವಾ ಹೆಂಡತಿ ಅಲ್ಲಿನ ನ್ಯಾಯಾಲಯದಿಂದ ವಿಚ್ಛೇದನ ಪಡೆದುಕೊಂಡರೆ ಇಲ್ಲಿಯೂ ಅದು ನಡೆಯುತ್ತದೆ ಎಂದು ನಂಬುವವರು ಬಹಳ. ಇಲ್ಲಿ ಹಿಂದೂ ವಿಧಿಯಂತೆ ಮದುವೆಯಾದವರ ವಿಚ್ಛೇದನವನ್ನು ವಿದೇಶಿ ನ್ಯಾಯಾಲಯ ನಮ್ಮ ವಿವಾಹ ಕಾಯ್ದೆ ಒಪ್ಪದ ಆಧಾರದ ಮೇಲೆ ಅಥವಾ ಎದುರು ಪಕ್ಷ ಆ ನ್ಯಾಯಾಲಯದ ಅಧಿಕಾರಕ್ಕೆ ಒಪ್ಪಿ ಭಾಗವಹಿಸದೆ ಇದ್ದಾಗ ಕೊಟ್ಟಿದ್ದರೆ, ಅದಕ್ಕೆ ಭಾರತದಲ್ಲಿ ಮಾನ್ಯತೆಯಿಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ನಿಯಮ ಹಾಕಿಕೊಟ್ಟಿದೆ. ಮದುವೆ ಸರಿಪಡಿಸಲಾಗದಷ್ಟು ಹದಗೆಟ್ಟಿದೆ ಎಂಬುದು ಅಮೆರಿಕದ ರಾಜ್ಯಗಳಲ್ಲಿ ಸಾಕಾಗುವ ಕಾರಣವಾದರೆ, ನಮ್ಮ ಕಾಯ್ದೆಯಲ್ಲಿ ಅದು ಪ್ರತ್ಯೇಕ ಆಧಾರವೇ ಅಲ್ಲ. 2023ರ ಮೇ 1ರ ಸಂವಿಧಾನ ಪೀಠದ ತೀರ್ಪಿನ ಪ್ರಕಾರ ಆ ಕಾರಣಕ್ಕೆ ಮದುವೆಯನ್ನು ರದ್ದುಪಡಿಸುವ ವಿಶೇಷ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ, ಕೌಟುಂಬಿಕ ನ್ಯಾಯಾಲಯಕ್ಕಲ್ಲ, ಮತ್ತು ಅದನ್ನು ಹಕ್ಕೆಂದು ಯಾರೂ ಕೇಳುವಂತಿಲ್ಲ. ನೋಟಿಸ್ ತೆಗೆದುಕೊಳ್ಳದೆ ತಪ್ಪಿಸಿಕೊಂಡರೆ ಕೇಸು ನಿಂತುಹೋಗುತ್ತದೆ ಎಂಬ ಭ್ರಮೆಗೂ ಇಲ್ಲೇ ಉತ್ತರ ಹೇಳಬೇಕು. ನೋಟಿಸ್ ತಲುಪಿಸುವ ಕ್ರಮ ಪೂರೈಸಿದ ಮೇಲೆ ನ್ಯಾಯಾಲಯ ಏಕಪಕ್ಷೀಯವಾಗಿ, ಅಂದರೆ ಬಂದವರ ಮಾತನ್ನಷ್ಟೇ ಕೇಳಿ, ನಿರ್ಣಯ ಕೊಡಬಹುದು.

ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು ಜನ ಬಾಯಿಮಾತಿನಲ್ಲಿ ಮ್ಯೂಚುವಲ್ ಎನ್ನುತ್ತಾರೆ. ಅದಕ್ಕೆ ಕನಿಷ್ಠ ಒಂದು ವರ್ಷ ಬೇರೆ ಬದುಕಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳ ನಂತರ ಮತ್ತು ಹದಿನೆಂಟು ತಿಂಗಳೊಳಗೆ ಇಬ್ಬರೂ ಬಂದು ಮತ್ತೊಮ್ಮೆ ಒಪ್ಪಿಗೆ ಹೇಳಬೇಕು. ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಿಜವಾದರೂ, ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದು, ರಾಜಿಯ ಪ್ರಯತ್ನಗಳು ವಿಫಲವಾಗಿ, ಜೀವನಾಂಶ ಮತ್ತು ಮಕ್ಕಳ ವಿಚಾರ ಪೂರ್ತಿ ಇತ್ಯರ್ಥವಾಗಿದ್ದರೆ ಎಂಬ ಷರತ್ತುಗಳನ್ನು ಹೇಳುವವರು ಕಡಿಮೆ. ಮೊದಲ ಅರ್ಜಿಗೆ ಸಹಿ ಹಾಕಿದೊಡನೆ ಎಲ್ಲವೂ ಮುಗಿಯಿತೆಂದು ತಿಳಿದು ಒಪ್ಪಂದದ ಹಣವನ್ನೆಲ್ಲ ಆಗಲೇ ಕೊಟ್ಟುಬಿಡುವವರೂ ಇದ್ದಾರೆ. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದಾದ್ದರಿಂದ, ಮೊತ್ತದ ಒಂದು ಭಾಗವನ್ನು ಮೊದಲ ಹಂತದಲ್ಲಿ, ಉಳಿದುದನ್ನು ಡಿಕ್ರಿಯ ದಿನ ನ್ಯಾಯಾಲಯದ ಎದುರಿನಲ್ಲೇ ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಕೊಡುವಂತೆ ಬರೆದುಕೊಳ್ಳುವುದು ಜಾಣತನ.

ಇನ್ನು ಆಸ್ತಿಯ ವಿಚಾರ. ವಿಚ್ಛೇದನವಾದರೆ ಹೆಂಡತಿಗೆ ಗಂಡನ ಆಸ್ತಿಯಲ್ಲಿ ಅರ್ಧ ಪಾಲು ಎಂಬ ನಂಬಿಕೆ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ ಕೆಲವರು ಅದರ ಆಸೆಯಿಂದಲೂ ಕೆಲವರು ಅದರ ಹೆದರಿಕೆಯಿಂದಲೂ ತಪ್ಪು ಹೆಜ್ಜೆಯಿಡುತ್ತಾರೆ. ಮದುವೆಯ ಕಾಲದಲ್ಲಿ ಗಳಿಸಿದ್ದೆಲ್ಲ ಇಬ್ಬರಿಗೂ ಸಮಪಾಲು ಎಂಬ ಪದ್ಧತಿ ಕ್ಯಾಲಿಫೋರ್ನಿಯದಂಥ ಕಡೆ ಇದೆ, ಪೋರ್ಚುಗೀಸ್ ನಾಗರಿಕ ಸಂಹಿತೆಯ ಪರಂಪರೆ ಉಳಿದಿರುವ ನೆರೆಯ ಗೋವಾದಲ್ಲೂ ಇದೆ, ಕರ್ನಾಟಕದಲ್ಲಿ ಇಲ್ಲ. ಇಲ್ಲಿ ಮದುವೆಯಿಂದ ಆಸ್ತಿ ಬೆರೆಯುವುದಿಲ್ಲ. ಗಂಡನ ಹೆಸರಿನ ನಿವೇಶನ ಗಂಡನದು, ಹೆಂಡತಿಯ ಹೆಸರಿನ ಠೇವಣಿ ಹೆಂಡತಿಯದು, ಇಬ್ಬರ ಹೆಸರಿನಲ್ಲಿ ನೋಂದಾಯಿತವಾದ ಫ್ಲ್ಯಾಟು ಇಬ್ಬರದು. ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಸೇರಿ ಉಡುಗೊರೆಯಾಗಿ ಬಂದ ವಸ್ತುಗಳ ಬಗ್ಗೆ ಹಿಂದೂ ವಿವಾಹ ಕಾಯ್ದೆಯ 27ನೇ ಕಲಮಿನಡಿ ನ್ಯಾಯಾಲಯ ಆದೇಶ ಕೊಡಬಹುದು, ಅದು ಸೀಮಿತವಾದ ಅಧಿಕಾರ. ಮನೆ ಗಂಡನ ಹೆಸರಿನಲ್ಲಿದ್ದು ಕಂತು ಹೆಂಡತಿಯ ಸಂಬಳದಿಂದ ಹೋಗುತ್ತಿದ್ದರೆ ಅವಳ ಹಕ್ಕು ಪೂರ್ತಿ ಸತ್ತುಹೋಗುವುದಿಲ್ಲ, ದಂಪತಿಗಳ ನಡುವಿನ ಆಸ್ತಿ ವ್ಯಾಜ್ಯವನ್ನು ಕೌಟುಂಬಿಕ ನ್ಯಾಯಾಲಯವೇ ವಿಚಾರಿಸಬಹುದು. ಆದರೆ ಅಲ್ಲಿ ಮಾತನಾಡುವುದು ವರ್ಷಗಟ್ಟಲೆಯ ಬ್ಯಾಂಕ್ ಹೇಳಿಕೆಗಳೇ ವಿನಾ ನೆನಪುಗಳಲ್ಲ.

ಸರ್ಜಾಪುರ, ವರ್ತೂರು, ಆನೇಕಲ್ ಕಡೆಯ ಜಮೀನುದಾರ ಕುಟುಂಬಗಳಿಗೆ ಸೊಸೆಯಾಗಿ ಹೋದವರಲ್ಲಿ ಪಿತ್ರಾರ್ಜಿತ ಭೂಮಿಯ ನಿರೀಕ್ಷೆ ಇರುತ್ತದೆ. ಗಂಡನ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಂಡತಿ ವಿಚ್ಛೇದನದ ಮೂಲಕ ಪಾಲು ಪಡೆಯಲಾರಳು. ಆದರೆ ಅವಳ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ಹುಟ್ಟಿನಿಂದಲೇ ಪಾಲುದಾರರು, ತಂದೆತಾಯಿಯ ಡಿಕ್ರಿಯಿಂದ ಆ ಹಕ್ಕಿಗೆ ಕುಂದಿಲ್ಲ. ಹೆಣ್ಣುಮಕ್ಕಳಿಗೆ ಈ ಸಮಾನ ಹಕ್ಕನ್ನು ಕರ್ನಾಟಕ 1994ರಲ್ಲಿಯೇ, ಕೇಂದ್ರ ಸರ್ಕಾರಕ್ಕಿಂತ ಹನ್ನೊಂದು ವರ್ಷ ಮೊದಲೇ, ತನ್ನ ತಿದ್ದುಪಡಿಯ ಮೂಲಕ ಕೊಟ್ಟಿತ್ತು ಎಂಬುದು ನಾಡು ಹೆಮ್ಮೆಪಡಬೇಕಾದ ಸಂಗತಿ. ಮನೆಯಲ್ಲಿ ಇರುವ ಹಕ್ಕೇ ಬೇರೆ, ಮನೆಯ ಒಡೆತನವೇ ಬೇರೆ ಎಂಬುದನ್ನೂ ತಿಳಿದಿರಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ರಕ್ಷಣೆಯನ್ನು ಮಹಿಳೆ ಕೇಳಬಹುದು, ಆ ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಕೇಳಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದರಿಂದ ತಲೆಯ ಮೇಲೆ ಸೂರು ಸಿಗುತ್ತದೆ, ಖಾತೆಯಲ್ಲಿ ಹೆಸರು ಬರುವುದಿಲ್ಲ.

ಸ್ತ್ರೀಧನದ ವಿಷಯದಲ್ಲಿ ತಪ್ಪು ತಿಳಿವಳಿಕೆ ಇದಕ್ಕೆ ವಿರುದ್ಧವಾಗಿದೆ. ಮದುವೆಯಲ್ಲಿ ತವರಿನವರೂ ಅತ್ತೆಮನೆಯವರೂ ಹೆಣ್ಣಿಗೆ ಇಟ್ಟ ಒಡವೆ, ಕೊಟ್ಟ ಹಣ, ವಸ್ತುಗಳು ಸಂಸಾರದ ಸೊತ್ತು ಎಂದು ಇಂದಿಗೂ ಅನೇಕರು ತಿಳಿದಿದ್ದಾರೆ. ಅವು ಪೂರ್ತಿಯಾಗಿ ಅವಳವು, ಗಂಡನ ಬಳಿ ಇದ್ದರೆ ಅವನು ಕೇವಲ ಕಾಯ್ದುಕೊಂಡಿರುವವನು ಎಂದು 1985ರಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತ ಬಂದಿದೆ. ಕಷ್ಟಕಾಲದಲ್ಲಿ ಬಳಸಿಕೊಂಡರೂ ಹಿಂದಿರುಗಿಸುವ ಹೊಣೆ ಗಂಡನದು ಎಂಬುದನ್ನು 2024ರ ಏಪ್ರಿಲ್‌ನಲ್ಲಿ ಪುನರುಚ್ಚರಿಸಿದೆ. ಒಡವೆಯ ರಸೀದಿ, ಮದುವೆಯ ಫೋಟೊ, ಲಾಕರಿನ ದಾಖಲೆಗಳನ್ನು ಜೋಪಾನ ಮಾಡಿದವರಿಗೆ ಇದನ್ನು ಸಾಧಿಸುವುದು ಕಷ್ಟವಾಗದು.

ಗೃಹಸಾಲದ ವಿಚಾರವನ್ನು ಕೊಂಚ ಹತ್ತಿರದಿಂದ ನೋಡಬೇಕು, ಏಕೆಂದರೆ ಸಾಫ್ಟ್‌ವೇರ್ ದಂಪತಿಗಳು ಸಾಮಾನ್ಯವಾಗಿ ಎಡವುವುದು ಇಲ್ಲಿ. ಉದಾಹರಣೆಗೆ, ಇಬ್ಬರ ಸಂಬಳ ಸೇರಿಸಿ ಅರ್ಹತೆ ಹೆಚ್ಚಿಸಿಕೊಂಡು ಇಪ್ಪತ್ತು ವರ್ಷದ ಸಾಲ ತೆಗೆದು ಒಂದು ಫ್ಲ್ಯಾಟು ಕೊಂಡಿದ್ದಾರೆ, ತಿಂಗಳ ಕಂತು 60,000 ರೂಪಾಯಿ ಇದೆ ಎಂದಿಟ್ಟುಕೊಳ್ಳಬಹುದು. ಒಪ್ಪಂದದಲ್ಲಿ ಫ್ಲ್ಯಾಟು ಗಂಡನಿಗೆ, ಉಳಿದ ಕಂತುಗಳೂ ಅವನವೇ ಎಂದು ಬರೆದು ಡಿಕ್ರಿಯೂ ಆಗುತ್ತದೆ. ಹೆಂಡತಿ ತನ್ನ ಹೊಣೆ ತೀರಿತೆಂದು ಹೊರಡುತ್ತಾಳೆ. ಆದರೆ ಬ್ಯಾಂಕು ಆ ಪ್ರಕರಣದಲ್ಲಿ ಪಕ್ಷವಾಗಿರಲಿಲ್ಲ, ಅದರ ಕರಾರಿನಲ್ಲಿ ಅವಳು ಸಹಸಾಲಗಾರಳಾಗಿಯೇ ಇದ್ದಾಳೆ, ಮತ್ತು ಸಹಸಾಲಗಾರರಿಬ್ಬರೂ ಜಂಟಿಯಾಗಿ ಮಾತ್ರವಲ್ಲ, ಪ್ರತ್ಯೇಕವಾಗಿಯೂ ಇಡೀ ಸಾಲಕ್ಕೆ ಬಾಧ್ಯರು. ಎರಡು ವರ್ಷದ ನಂತರ ಗಂಡನ ಕೆಲಸ ಹೋಗಿ ಮೂರು ಕಂತು ತಪ್ಪಿದರೆ ಅವಳ ಸಾಲದ ಅಂಕವೂ ಕುಸಿಯುತ್ತದೆ, ವಸೂಲಿಯ ನೋಟಿಸ್ ಅವಳಿಗೂ ಬರುತ್ತದೆ, ಅವಳು ಹೊಸದಾಗಿ ಮನೆ ಕೊಳ್ಳಲು ಹೋದರೆ ಹಳೆಯ ಸಾಲ ಅವಳ ಲೆಕ್ಕದಲ್ಲೇ ಕಾಣುತ್ತದೆ. ಇದನ್ನು ತಪ್ಪಿಸಲು ಬ್ಯಾಂಕಿನ ಲಿಖಿತ ಒಪ್ಪಿಗೆಯಿಂದ ಅವಳ ಹೆಸರನ್ನು ಕರಾರಿನಿಂದ ಬಿಡಿಸಬೇಕು, ಅದಕ್ಕೆ ಗಂಡನೊಬ್ಬನ ಸಂಬಳವೇ ಸಾಲಕ್ಕೆ ಸಾಕೆಂದು ಬ್ಯಾಂಕಿಗೆ ಮನವರಿಕೆಯಾಗಬೇಕು. ಇಲ್ಲವಾದರೆ ಫ್ಲ್ಯಾಟು ಮಾರಿ ಸಾಲ ತೀರಿಸಿ ಉಳಿದುದನ್ನು ಹಂಚಿಕೊಳ್ಳುವುದೇ ಮೇಲು. ಒಡೆತನದ ಮಟ್ಟಿಗೆ ಉಪನೋಂದಣಿ ಕಚೇರಿಯಲ್ಲಿ ಹಕ್ಕುಬಿಡುಗಡೆ ಪತ್ರ ನೋಂದಣಿಯಾಗಿ ಇ-ಖಾತೆ ಬದಲಾಗಬೇಕು. ಕುಟುಂಬದ ಸದಸ್ಯರ ನಡುವಿನ ಇಂಥ ಪತ್ರಗಳಿಗೆ ಕರ್ನಾಟಕದ ಮುದ್ರಾಂಕ ಕಾನೂನಿನಲ್ಲಿ ರಿಯಾಯಿತಿ ದರವಿದೆ. ಡಿಕ್ರಿಯಾದ ಮೇಲೆ ಇಬ್ಬರೂ ಗಂಡಹೆಂಡಿರಾಗಿ ಉಳಿಯುವುದಿಲ್ಲವಾದ್ದರಿಂದ ಆ ರಿಯಾಯಿತಿಗೆ ತಕರಾರು ಬರಬಹುದು, ಹೀಗಾಗಿ ಪತ್ರ ಯಾವಾಗ ಆಗಬೇಕೆಂಬುದನ್ನು ವಕೀಲರೊಂದಿಗೆ ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಪಿ.ಎಫ್.ನಲ್ಲೂ ಅರ್ಧ ಪಾಲು ಬರುತ್ತದೆ ಎಂಬ ಮಾತು ಪೀಣ್ಯದಲ್ಲೂ ಐಟಿ ಕಚೇರಿಗಳಲ್ಲೂ ಒಂದೇ ರೀತಿ ಕೇಳಿಬರುತ್ತದೆ. ಭವಿಷ್ಯನಿಧಿಯಲ್ಲಿ ಇರುವ ಹಣವನ್ನು ಸಾಲಕ್ಕಾಗಿ ಜಪ್ತಿ ಮಾಡದಂತೆ ಕಾನೂನಿನ ರಕ್ಷಣೆಯಿದೆ, ಅದನ್ನು ದಂಪತಿಗಳ ನಡುವೆ ಹಂಚುವ ನಿಯಮವಿಲ್ಲ. ಆದರೆ ಕೊಡುವ ಶಕ್ತಿ ಎಷ್ಟೆಂದು ಅಳೆಯುವಾಗ ಆ ಮೊತ್ತವೂ ನ್ಯಾಯಾಧೀಶರ ಗಮನಕ್ಕೆ ಬರುತ್ತದೆ. ಇದಕ್ಕಿಂತ ಮುಖ್ಯವಾದುದು ನಾಮಿನಿ. ಮದುವೆಯಾದಾಗ ಹಳೆಯ ನಾಮನಿರ್ದೇಶನ ಅಸಿಂಧುವಾಗುತ್ತದೆಂದು ಪಿ.ಎಫ್. ಯೋಜನೆಯೇ ಹೇಳುತ್ತದೆ, ವಿಚ್ಛೇದನವಾದಾಗ ಮಾತ್ರ ಪಿ.ಎಫ್., ವಿಮೆ, ಮ್ಯೂಚುವಲ್ ಫಂಡ್, ಬ್ಯಾಂಕ್ ಖಾತೆಗಳ ದಾಖಲೆಯಲ್ಲಿನ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲೂ ಇ.ಎಸ್.ಐ.ನಲ್ಲೂ ಸಂಗಾತಿಗೆ ಸಿಗುತ್ತಿದ್ದ ಚಿಕಿತ್ಸೆ ಮಾತ್ರ ಕುಟುಂಬದ ಸದಸ್ಯತ್ವ ಹೋದೊಡನೆ ನಿಲ್ಲುತ್ತದೆ. ದೀರ್ಘ ಕಾಯಿಲೆ ಇರುವವರು ಸ್ವಂತ ವಿಮೆಯನ್ನು ಡಿಕ್ರಿಗೆ ಮೊದಲೇ ಮಾಡಿಸಿಕೊಳ್ಳುವುದು ಕ್ಷೇಮ.

ಜೀವನಾಂಶದ ಬಗ್ಗೆ ಇರುವಷ್ಟು ತಪ್ಪು ಮಾತು ಬೇರೆ ಯಾವುದರ ಬಗ್ಗೆಯೂ ಇಲ್ಲ. ಜೀವನಾಂಶ ಎಂದರೆ ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಸಂಗಾತಿಗೆ ಇನ್ನೊಬ್ಬರು ಕೊಡಬೇಕಾದ ಹಣ. ಕೇಸು ನಡೆಯುವಾಗ ಕೊಡುವುದು ಮಧ್ಯಂತರ ಜೀವನಾಂಶ, ಡಿಕ್ರಿಯ ಹೊತ್ತಿಗೆ ಅಥವಾ ಆನಂತರ ನಿಗದಿಯಾಗುವುದು ಶಾಶ್ವತ ಜೀವನಾಂಶ. ಇವುಗಳಲ್ಲದೆ 2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗದಲ್ಲಿ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಯಾವುದೇ ಧರ್ಮದ ಹೆಂಡತಿ, ವಿಚ್ಛೇದಿತೆ, ಮಕ್ಕಳು ಮತ್ತು ವೃದ್ಧ ತಂದೆತಾಯಿ ಕೇಳಬಹುದು. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ಹಾದಿ ತೆರೆದಿದೆ ಎಂಬುದನ್ನು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಮತ್ತೆ ಖಚಿತಪಡಿಸಿತು. ಜೀವನಾಂಶ ಹೆಂಗಸರಿಗೆ ಮಾತ್ರ ಎಂಬುದು ಅರ್ಧಸತ್ಯ. ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡನೂ ಕೇಳಬಹುದು, ಅಂತರ್ಧರ್ಮೀಯ ದಂಪತಿಗಳು ಹೆಚ್ಚಾಗಿ ಆಶ್ರಯಿಸುವ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಹೆಂಡತಿ ಮಾತ್ರ ಕೇಳಬಹುದು. ಮದುವೆ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂಬ ಕಾಗದವನ್ನು ಮೊದಲು ನೋಡಬೇಕಾದ್ದು ಇದಕ್ಕೇ.

ಸಂಬಳದ ಕಾಲು ಭಾಗ, ಅಂದರೆ ಶೇಕಡ 25, ಜೀವನಾಂಶವೆಂದು ಕಾನೂನಿನಲ್ಲೇ ಬರೆದಿದೆ ಎಂದು ಬಹುತೇಕರು ನಂಬಿದ್ದಾರೆ. 2017ರಲ್ಲಿ ಒಂದು ಪ್ರಕರಣದ ಸಂದರ್ಭಕ್ಕೆ ಗಂಡನ ನಿವ್ವಳ ಸಂಬಳದ ಶೇಕಡ 25 ನ್ಯಾಯವಾದ ಮೊತ್ತ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಈ ನಂಬಿಕೆಯ ಮೂಲ. ಯಾವ ಕಾಯ್ದೆಯಲ್ಲೂ ಅಂಥ ಸೂತ್ರವಿಲ್ಲ. ಈಗ ಇಡೀ ದೇಶದಲ್ಲಿ ಆಧಾರವಾಗಿರುವುದು 2020ರ ನವೆಂಬರ್ 4ರಂದು ಬಂದ, ವಕೀಲರು ರಜನೇಶ್–ನೇಹಾ ತೀರ್ಪು ಎಂದು ಕರೆಯುವ ನಿರ್ಣಯ. ಅದರ ಪ್ರಕಾರ ಇಬ್ಬರ ವಿದ್ಯೆ, ವರಮಾನ, ಮದುವೆಯ ಅವಧಿ, ಜೀವನಮಟ್ಟ, ಸಂಸಾರಕ್ಕಾಗಿ ಬಿಟ್ಟ ಉದ್ಯೋಗ, ಮಕ್ಕಳ ಖರ್ಚು, ಕೊಡುವವರ ಇತರ ಹೊಣೆಗಳು ಎಲ್ಲವನ್ನೂ ತೂಗಿ ಮೊತ್ತ ನಿಗದಿಯಾಗಬೇಕು, ಮತ್ತು ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕು. ಅದಕ್ಕಾಗಿ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ. ಉದ್ಯೋಗ, ಸಂಬಳ, ಬ್ಯಾಂಕ್ ಖಾತೆಗಳು, ಷೇರು, ಠೇವಣಿ, ವಿಮೆ, ಒಡವೆ, ವಾಹನ, ಸಾಲ, ತಿಂಗಳ ಖರ್ಚು, ಮಕ್ಕಳ ಶಾಲೆಯ ಶುಲ್ಕ ಎಲ್ಲವನ್ನೂ ಅದರಲ್ಲಿ ಬಿಡಿಬಿಡಿಯಾಗಿ ಹೇಳಬೇಕು. ಬೇಸಾಯದವರಿಗೆಂದೇ ಪ್ರತ್ಯೇಕ ನಮೂನೆಯಿದೆ. ಸುಳ್ಳು ಬರೆದವರ ಮೇಲೆ ಕ್ರಮ ಜರುಗಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ಮತ್ತು ಎಲ್ಲ ವಹಿವಾಟೂ ಖಾತೆಗಳ ಮೂಲಕ ನಡೆಯುವ ಐಟಿ ವಲಯದಲ್ಲಿ ಮುಚ್ಚಿಟ್ಟದ್ದು ಹೊರಬರಲು ಹೆಚ್ಚು ಕಾಲ ಹಿಡಿಯದು.

ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ಟರೆ ಜೀವನಾಂಶ ಕೊಡಬೇಕಾಗಿಲ್ಲ ಎಂಬ ಸಲಹೆಯನ್ನು ಗಂಡಸರಿಗೂ, ರಾಜೀನಾಮೆ ಕೊಟ್ಟರೆ ಹೆಚ್ಚು ಸಿಗುತ್ತದೆ ಎಂಬ ಸಲಹೆಯನ್ನು ಹೆಂಗಸರಿಗೂ ಕೊಡುವವರಿದ್ದಾರೆ. ಎರಡೂ ಅಪಾಯಕಾರಿ. ದುಡಿಯಬಲ್ಲ ಶರೀರವಿರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಮತ್ತು ನ್ಯಾಯಾಲಯ ಅವನ ವಿದ್ಯೆ, ಹಿಂದಿನ ಸಂಬಳಗಳನ್ನು ನೋಡಿ ವರಮಾನವನ್ನು ತಾನೇ ಊಹಿಸಬಲ್ಲದು. ಇತ್ತ ಕರ್ನಾಟಕ ಹೈಕೋರ್ಟ್ 2023ರಲ್ಲಿ, ಮೊದಲು ದುಡಿಯುತ್ತಿದ್ದ ಹೆಂಡತಿ ಸುಮ್ಮನೆ ಕುಳಿತು ಪೂರ್ತಿ ಜೀವನಾಂಶವನ್ನು ನಿರೀಕ್ಷಿಸಲಾಗದು ಎಂದು ಹೇಳಿ ಮೊತ್ತವನ್ನು ತಗ್ಗಿಸಿದ ಪ್ರಕರಣವಿದೆ. ಹಾಗೆಂದು ಸಂಬಳ ಬರುವ ಹೆಂಡತಿಗೆ ಏನೂ ಸಿಗದು ಎನ್ನುವುದೂ ತಪ್ಪು. ದುಡಿಯುವ ಸಾಮರ್ಥ್ಯ ಇರುವುದು ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಎಂಬ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ಮಾಡಿದೆ, ಮತ್ತು ಅವಳ ಸಂಬಳ ಹಿಂದಿನ ಜೀವನಮಟ್ಟಕ್ಕೆ ಸಾಲದಿದ್ದರೆ ಕೊರತೆಯನ್ನು ತುಂಬಿಕೊಡುವ ಆದೇಶ ಆಗಬಹುದು. 2024ರ ಆಗಸ್ಟ್‌ನಲ್ಲಿ ತಿಂಗಳಿಗೆ 6,16,300 ರೂಪಾಯಿ ಖರ್ಚಿದೆ ಎಂದ ಮಹಿಳೆಯೊಬ್ಬರ ವಕೀಲರಿಗೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳು, ಅಷ್ಟು ಖರ್ಚು ಮಾಡಬೇಕೆಂದಿದ್ದರೆ ಅವರೇ ಸಂಪಾದಿಸಲಿ ಎಂಬರ್ಥದ ಮಾತು ಹೇಳಿದ ವಿಡಿಯೊ ದೇಶದಾದ್ಯಂತ ಹರಿದಾಡಿತು. ಅದನ್ನು ನೋಡಿದವರು ಜೀವನಾಂಶವೇ ರದ್ದಾಯಿತೆಂದು ಸಂಭ್ರಮಿಸಿದ್ದೂ ಉಂಟು, ಹೆಂಗಸರಿಗೆ ಇನ್ನು ನ್ಯಾಯವಿಲ್ಲ ಎಂದು ಕೊರಗಿದ್ದೂ ಉಂಟು. ವಿಚಾರಣೆಯ ವೇಳೆ ಬಾಯಿಂದ ಬಂದ ಮಾತು ತೀರ್ಪಲ್ಲ. ಬರೆದು ಸಹಿಮಾಡಿದ ಆದೇಶವೊಂದೇ ಕಾನೂನಿನ ಬಲವುಳ್ಳದ್ದು.

ಸಂಬಳದ ಚೀಟಿಯಲ್ಲಿ ಕಡಿತಗಳನ್ನು ಹೆಚ್ಚು ತೋರಿಸಿ ಕೈಗೆ ಬರುವುದು ಕಡಿಮೆ ಎಂದು ವಾದಿಸುವ ತಂತ್ರವೂ ನಡೆಯುವುದಿಲ್ಲ. ಬ್ಯಾಂಕ್ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2024ರಲ್ಲಿ, ಪಿ.ಎಫ್. ವಂತಿಗೆ, ಸಾಲದ ಕಂತು ಮೊದಲಾದವು ಉದ್ಯೋಗಿಯ ಸ್ವಂತ ಲಾಭಕ್ಕೆ ಹೋಗುವ ಹಣವಾದ್ದರಿಂದ ಅವನ್ನು ಕಳೆದು ಜೀವನಾಂಶ ಲೆಕ್ಕ ಹಾಕಲಾಗದು ಎಂದು ಹೇಳಿತು. ಆದೇಶವಾದ ಮೇಲೆ ಕೊಡದೆ ಇರುವವರಿಗೆ ಕಾದಿರುವುದು ಇನ್ನೂ ಕಠಿಣ. ಬೇರೆ ಸಾಲದ ಡಿಕ್ರಿಗೆ ಸಂಬಳದ ಬಹುಭಾಗವನ್ನು ಮುಟ್ಟದಂತೆ ರಕ್ಷಿಸುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು, ಜೀವನಾಂಶದ ಡಿಕ್ರಿಗಾದರೆ ಸಂಬಳದ ಮೂರನೆಯ ಒಂದು ಭಾಗವನ್ನಷ್ಟೇ ರಕ್ಷಿಸುತ್ತದೆ. ಉಳಿದ ಮೂರನೆಯ ಎರಡು ಭಾಗದವರೆಗೆ ಕಂಪನಿಯಿಂದಲೇ ಕಡಿತವಾಗಬಹುದು. 144ನೇ ಕಲಮಿನಡಿ ಒಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸವೂ ಇದೆ, ಮತ್ತು ಜೈಲಿಗೆ ಹೋಗಿಬಂದರೆ ಬಾಕಿ ತೀರಿದಂತಲ್ಲ.

ತೆರಿಗೆಯ ಮಾತು ಚಿಕ್ಕದು. ಒಟ್ಟಿಗೆ ಒಂದೇ ಕಂತಿನಲ್ಲಿ ಬಂದ ಶಾಶ್ವತ ಜೀವನಾಂಶವನ್ನು ಬಂಡವಾಳ ಸ್ವರೂಪದ್ದೆಂದು ಎಣಿಸಿ ಆದಾಯ ತೆರಿಗೆಗೆ ಒಳಪಡಿಸುವುದಿಲ್ಲ, ತಿಂಗಳು ತಿಂಗಳು ಬರುವುದು ಪಡೆಯುವವರ ಆದಾಯವಾಗುತ್ತದೆ, ಇದು ಬಾಂಬೆ ಹೈಕೋರ್ಟಿನ 1980ರ ದಶಕದ ತೀರ್ಪಿನಿಂದ ನಡೆದುಬಂದ ಕ್ರಮ. ಕೊಡುವವರಿಗೆ ಎರಡರಲ್ಲೂ ತೆರಿಗೆ ವಿನಾಯಿತಿ ಇಲ್ಲ.

ಮಕ್ಕಳ ವಿಚಾರದಲ್ಲಿ ತಾಯಿಗೇ ಮಕ್ಕಳು ಎಂಬ ನಿಯಮವಿದೆ ಎಂದು ತಿಳಿಯುವುದು ತಪ್ಪು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಕಾಯ್ದೆ ಹೇಳುತ್ತದಾದರೂ, ಎಲ್ಲ ವಯಸ್ಸಿನಲ್ಲೂ ಮಗುವಿನ ಹಿತವೇ ಕೊನೆಯ ಮಾನದಂಡ. ಮಗು ತನ್ನ ಬಳಿ ಇಲ್ಲ, ನೋಡಲು ಬಿಡುತ್ತಿಲ್ಲ, ಆದ್ದರಿಂದ ಹಣ ಕೊಡುವುದಿಲ್ಲ ಎನ್ನುವ ತಂದೆ ಎರಡು ಬೇರೆ ಹಕ್ಕುಗಳನ್ನು ಬೆರೆಸುತ್ತಿದ್ದಾನೆ. ಹಣ ಕೊಡುತ್ತಿಲ್ಲ, ಆದ್ದರಿಂದ ಮಗುವನ್ನು ತೋರಿಸುವುದಿಲ್ಲ ಎನ್ನುವ ತಾಯಿಯೂ ಹಾಗೆಯೇ. ಭೇಟಿಗೆ ಅಡ್ಡಿಯಾದರೆ ಅದಕ್ಕೆ ಪ್ರತ್ಯೇಕ ಅರ್ಜಿ ಇದೆ. ಮತ್ತೂ ಮುಖ್ಯವಾದುದೆಂದರೆ, ಮ್ಯೂಚುವಲ್ ಒಪ್ಪಂದದಲ್ಲಿ ತಾಯಿ ತನ್ನ ಜೀವನಾಂಶವನ್ನು ಬಿಟ್ಟುಕೊಡಬಹುದು, ಮಗುವಿನದನ್ನು ಬಿಟ್ಟುಕೊಡುವ ಅಧಿಕಾರ ಅವಳಿಗಿಲ್ಲ, ಏಕೆಂದರೆ ಅದು ಅವಳ ಹಕ್ಕಲ್ಲ, ಮಗುವಿನ ಹಕ್ಕು. ಬೇಗ ಮುಗಿಯಲಿ ಎಂಬ ಆಯಾಸದಲ್ಲಿ ಮಗುವಿನ ಶಾಲೆಯ ಖರ್ಚನ್ನೇ ಬರೆಯದೆ ಸಹಿ ಹಾಕುವ ಒಪ್ಪಂದಗಳು ನೋವು ತರುತ್ತವೆ. ಅಂಥ ಮಗುವಿನ ಪರವಾಗಿ ಆಮೇಲೂ ಅರ್ಜಿ ಹಾಕಬಹುದು ಎಂಬುದಷ್ಟೇ ಸಮಾಧಾನ.

ಇಷ್ಟಕ್ಕೂ ತಪ್ಪು ಸಲಹೆಯ ಬೆನ್ನು ಹತ್ತಲು ಜನ ಕೊಡುವ ಕಾರಣ, ವಕೀಲರ ಶುಲ್ಕ ತಮ್ಮ ಕೈಗೆಟುಕದು ಎಂಬುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಉಚಿತ ವಕೀಲರನ್ನು ಪಡೆಯುವ ಹಕ್ಕುಳ್ಳವರನ್ನು ಹೆಸರಿಸಿದೆ. ಆ ಪಟ್ಟಿಯಲ್ಲಿ ಎಲ್ಲ ಮಹಿಳೆಯರೂ ಇದ್ದಾರೆ, ಪರಿಶಿಷ್ಟ ಜಾತಿ ಪಂಗಡದವರಿದ್ದಾರೆ, ಕೈಗಾರಿಕಾ ಕಾರ್ಮಿಕರೂ ಇದ್ದಾರೆ, ಮತ್ತು ಇವರಾರಿಗೂ ವರಮಾನದ ಮಿತಿ ಇಲ್ಲ. ಅಂದರೆ ವೈಟ್‌ಫೀಲ್ಡಿನ ಮಹಿಳಾ ಉದ್ಯೋಗಿಗೂ ಪೀಣ್ಯದ ಲೇತ್ ಕೆಲಸಗಾರನಿಗೂ ಈ ಹಕ್ಕು ಈಗಾಗಲೇ ಇದೆ. ಬೆಂಗಳೂರಿನ ಸಿದ್ದಯ್ಯ ರಸ್ತೆಯಲ್ಲಿರುವ ನ್ಯಾಯ ದೇಗುಲ ಕಟ್ಟಡದಲ್ಲಿ ಕೌಟುಂಬಿಕ ನ್ಯಾಯಾಲಯಗಳೂ, ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವೂ, 2007ರಿಂದ ಕೆಲಸ ಮಾಡುತ್ತಿರುವ ಮಧ್ಯಸ್ಥಿಕೆ ಕೇಂದ್ರವೂ ಇವೆ. ಬಾಂಡ್ ಪೇಪರಿಗೆ ಸಹಿ ಹಾಕುವ ಮೊದಲು, ಕೆಲಸ ಬಿಡುವ ಮೊದಲು, ಫ್ಲ್ಯಾಟು ಬರೆದುಕೊಡುವ ಮೊದಲು ಅಲ್ಲಿಗೆ ಒಮ್ಮೆ ಹೋಗಬೇಕು; ಹೋಗಲಾಗದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.